ಎಡಗಡೆ ಕೂತವನ ಹಾರ್ನ್

ನಮ್ಮ ಮನೆಯ ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆಯುವಾಗ ನಾನು ಮೂರು ಸಲ ಹಾರ್ನ್ ಒತ್ತುತ್ತೇನೆ. ಮೊದಲನೆಯದು ರಸ್ತೆಯಲ್ಲಿ ಹೋಗುತ್ತಿರುವವರಿಗೆ. ಎರಡನೆಯದು, ಮೊದಲನೆಯದನ್ನು ಕೇಳಿಸಿಕೊಳ್ಳದವರಿಗೆ. ಮೂರನೆಯದು ಯಾರಿಗೆ ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ಎದುರು ಮನೆಯ ಕಾಂಪೌಂಡಿನ ಮೇಲೆ ಮಲಗುವ ಬೆಕ್ಕು ಮೊದಲೆಲ್ಲ ಒಂದನೆಯ ಹಾರ್ನಿಗೇ ಹಾರಿ ಓಡುತ್ತಿತ್ತು. ಈಗ ಒಂದು ಕಣ್ಣು ತೆರೆದು, ಮೂರೂ ಮುಗಿದವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಮಲಗುತ್ತದೆ. ಇಷ್ಟು ಗದ್ದಲ ಎಬ್ಬಿಸಿ ಹೊರಟ ಕಾರು ಎಷ್ಟೋ ದಿನ ಹೋಗುವುದು ಮೂಲೆಯ ಅಂಗಡಿಯ ತನಕ, ಒಂದು ಕಟ್ಟು ಕೊತ್ತಂಬರಿ ತರಲು.

ವೃತ್ತಿಯಿಂದ ನಾನು ಗ್ರಂಥಪಾಲಕ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ‘ಶ್’ ಎನ್ನುವ ಒಂದೇ ಶಬ್ದದ ಬಲದಿಂದ ಸಂಬಳ ಪಡೆಯುತ್ತಿದ್ದೇನೆ. ದಿನವಿಡೀ ಬೇರೆಯವರ ಬಾಯಿ ಮುಚ್ಚಿಸಿದ ಪಾಪವೋ ಏನೋ, ಸಂಜೆ ಪಿ.ಬಿ. ರಸ್ತೆಗೆ ಇಳಿದ ಕೂಡಲೇ ನನ್ನ ಹೆಬ್ಬೆರಳಿಗೆ ಮಾತು ಬರುತ್ತದೆ. ಆ ರಸ್ತೆಯಲ್ಲಿ ಹಾರ್ನ್ ಒತ್ತದವನು ಯಾರಿದ್ದಾನೆ, ನಿಜ. ಆದರೆ ಒತ್ತುವವರಲ್ಲೂ ಬಗೆಗಳಿವೆ. ಆಟೋದವನು ಒತ್ತುವುದು ಗಿರಾಕಿಗಾಗಿ, ಬಸ್ಸಿನವನು ಹಕ್ಕಿಗಾಗಿ, ಹೊಸ ಬೈಕಿನ ಹುಡುಗ ಹಿಂದೆ ಕೂತವಳಿಗಾಗಿ. ನಾನು ಒತ್ತುವುದು ಭಯಕ್ಕೆ. ಅಡ್ಡ ಬಂದವರಿಗೆ ಎಲ್ಲರೂ ಹಾರ್ನ್ ಮಾಡುತ್ತಾರೆ. ಅಡ್ಡ ಬರಬಹುದಾದವರಿಗೆ ಮಾಡುವವನು ನಾನು. ಮುಚ್ಚಿದ ಅಂಗಡಿಯ ಬಾಗಿಲಿಗೂ ಒಮ್ಮೆ ಮಾಡಿದ್ದೇನೆ. ಅದು ಥಟ್ಟನೆ ತೆರೆದುಕೊಂಡು ಯಾರಾದರೂ ಹೊರಗೆ ಬಂದರೆ?

ಹಿಂದಿನ ಕಾಲದಲ್ಲಿ ರಾಜರು ಹೊರಟರೆ ಮುಂದೆ ಬಹುಪರಾಕು ಹೇಳುವವರು ಇರುತ್ತಿದ್ದರಂತೆ. ಅವರ ಕೆಲಸ ರಾಜನ ಹೊಗಳಿಕೆ ಎಂದು ನಾವು ಓದಿಕೊಂಡಿದ್ದೇವೆ. ನನಗೇನೋ ಅದರಲ್ಲಿ ಅನುಮಾನ. ರಾಜನ ಬಿರುದುಗಳು ಎಮ್ಮೆಗೆ ಅರ್ಥವಾಗುವುದಿಲ್ಲ, ಗದ್ದಲ ಅರ್ಥವಾಗುತ್ತದೆ. ಆನೆಯ ಕಾಲಿಗೆ ಸಿಕ್ಕು ಯಾರೂ ಸಾಯದಿರಲಿ ಎಂದು ನನ್ನಂಥ ಯಾವನೋ ಪುಕ್ಕಲು ಮಂತ್ರಿ ಆ ಏರ್ಪಾಟು ಮಾಡಿರಬೇಕು. ಹೊಗಳಿಕೆಯನ್ನು ಆಮೇಲೆ ಸೇರಿಸಿದ್ದಾರೆ, ಸಂಬಳಕ್ಕೆ ಒಂದು ಕಾರಣ ಬೇಕಲ್ಲ.

ಇಷ್ಟೆಲ್ಲ ಹೇಳಿದ್ದು, ನಮ್ಮ ಹನ್ನೊಂದು ವರ್ಷದ ಸಣ್ಣ ಕಾರಿನ ಹಾರ್ನ್ ಒಂದು ದಿನ ಮೌನವಾದಾಗ ನನಗೆ ಏನಾಯಿತು ಎನ್ನುವುದು ನಿಮಗೆ ಸರಿಯಾಗಿ ತಿಳಿಯಲಿ ಎಂದು. ಆದರೆ ಅದಕ್ಕಿಂತ ಮೊದಲು ಗಿರಿಜಾಳ ಬಸ್ಸಿನ ಕಥೆ ಹೇಳಬೇಕು. ಹಾರ್ನ್ ಕೆಟ್ಟದ್ದರಿಂದ ನಷ್ಟವಾಗಲಿದ್ದದ್ದು ಅವಳಿಗೆ, ನನಗಲ್ಲ.

ಗಿರಿಜಾ ನನ್ನ ಹೆಂಡತಿ. ಶಾಲಾ ಶಿಕ್ಷಕಿ. ಕಳೆದ ವರ್ಷ ಬಡ್ತಿ ಸಿಕ್ಕಿ ಮುಖ್ಯೋಪಾಧ್ಯಾಯಿನಿಯಾದಳು. ಶಾಲೆ ಹರಿಹರ ದಾಟಿ ನಂದಿಗುಡಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿಗೇನೂ ಬರವಿಲ್ಲ. ಒಂದು ತಪ್ಪಿದರೆ ಅದರ ಬೆನ್ನಿಗೇ ಇನ್ನೊಂದು. ಹರಿಹರದಿಂದ ಮುಂದೆ ಮಾತ್ರ ಅವಳ ಹೊತ್ತಿಗೆ ಇರುವುದು ಎರಡೇ. ಒಂದು, ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರಿಗೆ ಸಿಗುತ್ತದೆ, ಹೋಗಿ ಶಾಲೆಯ ಬೀಗದ ಮುಂದೆ ಒಂದೂವರೆ ಗಂಟೆ ಕೂರಿಸುತ್ತದೆ. ಇನ್ನೊಂದು, ಪ್ರಾರ್ಥನೆ ಮುಗಿಸಿ ಮಕ್ಕಳು ತರಗತಿಗೆ ತಿರುಗುವ ಹೊತ್ತಿಗೆ ಸರಿಯಾಗಿ ಗೇಟಿನ ಮುಂದೆ ಬಂದು ನಿಲ್ಲುತ್ತದೆ. ಅದರಿಂದ ಇಳಿದು, ಸೆರಗು ಸರಿಮಾಡಿಕೊಳ್ಳುತ್ತ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಅವಸರದಲ್ಲಿ ಬರುವವರು ಮುಖ್ಯೋಪಾಧ್ಯಾಯಿನಿ. ತಡವಾಗಿ ಬಂದ ಮಕ್ಕಳನ್ನು ಹೊರಗೆ ನಿಲ್ಲಿಸುವ ಅಧಿಕಾರವೂ ಅವರದೇ.

“ಮೊದಲು ನನ್ನನ್ನ ನಿಲ್ಲಿಸ್ಬೇಕು ರೀ,” ಎಂದಳು ಒಂದು ಸಂಜೆ. ನಾನು ನಕ್ಕೆ. ಅವಳು ನಗಲಿಲ್ಲ.

ಅದರ ಮರುವಾರವೇ ಡ್ರೈವಿಂಗ್ ಶಾಲೆ ಸೇರಿದಳು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಮೊದಲನೆಯ ಪರೀಕ್ಷೆಯಲ್ಲೇ ಲೈಸೆನ್ಸ್ ಪಡೆದಳು. ನನಗೆ ಮೂರು ಸಲ ಬೇಕಾಗಿತ್ತು. ಈ ಮೂರಕ್ಕೂ ನನಗೂ ಏನೋ ನಂಟು. ಆಮೇಲೆ ಭಾನುವಾರಗಳಲ್ಲಿ ಅಭ್ಯಾಸ ಶುರುವಾಯಿತು. ಮನೆಯಿಂದ ಹರಿಹರ, ಹರಿಹರದಿಂದ ಅವಳ ಶಾಲೆ, ಅಲ್ಲಿ ಬೀಗ ಹಾಕಿದ ಗೇಟನ್ನು ಒಮ್ಮೆ ನೋಡಿ ವಾಪಸ್ಸು. ಅವಳು ಓಡಿಸುವುದು, ನಾನು ಪಕ್ಕದಲ್ಲಿ ಕೂರುವುದು.

ಹೆಂಡತಿ ಓಡಿಸುವ ಕಾರಿನ ಎಡಸೀಟು ಎಂಥದೆಂದು ಅಲ್ಲಿ ಕೂತವರಿಗೇ ಗೊತ್ತು. ಅಲ್ಲಿ ಬ್ರೇಕಿಲ್ಲ. ಇಲ್ಲ ಎಂದು ಗೊತ್ತಿದ್ದರೂ ಬಲಗಾಲು ಅದನ್ನು ಒತ್ತುತ್ತಲೇ ಇರುತ್ತದೆ. ನನ್ನ ಕಾಲಡಿಯ ಮ್ಯಾಟು ಒಂದು ಕಡೆ ತೂತಾಗಿದೆ. ಕ್ಲಚ್ಚಿಲ್ಲ, ಸ್ಟೇರಿಂಗಿಲ್ಲ. ಆದರೆ ಬಲಗೈಯನ್ನು ಸ್ವಲ್ಪ ಚಾಚಿದರೆ ಒಂದು ಸಂಗತಿ ಸಿಗುತ್ತದೆ: ಹಾರ್ನ್. ಅವಳು ಓಡಿಸುತ್ತಿದ್ದಳು, ನಾನು ಬಾರಿಸುತ್ತಿದ್ದೆ. ಎರಡು ತಿಂಗಳು ಹೀಗೇ ಜುಗಲ್‌ಬಂದಿ ನಡೆಯಿತು. “ಕೈ ತೆಗೀರಿ, ಕನ್ನಡಿ ಕಾಣವಲ್ದು,” ಎನ್ನುತ್ತಿದ್ದಳು. ತೆಗೆಯುತ್ತಿದ್ದೆ. ಮುಂದಿನ ತಿರುವಿನ ತನಕ.

ದಸರಾ ರಜೆ ಮುಗಿದು ಶಾಲೆ ತೆರೆಯುವ ಸೋಮವಾರ ತಾನೊಬ್ಬಳೇ ಕಾರಿನಲ್ಲಿ ಹೋಗುವುದೆಂದು ಗಿರಿಜಾ ತೀರ್ಮಾನಿಸಿದಳು. ಪ್ರಾರ್ಥನೆಗೆ ಮೊದಲೇ ಅಲ್ಲಿರಬೇಕು, ಅಷ್ಟೇ ಅವಳ ಆಸೆ. ಬಡ್ತಿ ಬಂದಾಗ ಒಂದು ಸೀರೆ ಕೂಡ ಕೇಳಿರಲಿಲ್ಲ.

ಹಾರ್ನ್ ಕೈಕೊಟ್ಟದ್ದು ಅದಕ್ಕೆ ಹತ್ತು ದಿನ ಮುಂಚೆ, ವಿಜಯದಶಮಿಯ ಸಂಜೆ. ಬನ್ನಿ ಕೊಡಲು ಅವಳ ಅಣ್ಣನ ಮನೆಗೆ ಹೊರಟಿದ್ದೆವು. ರಸ್ತೆ ನಡುವೆ ಒಂದು ಹಸು ಕೂತಿತ್ತು. ನಾನು ಎಂದಿನಂತೆ ಕೈ ಚಾಚಿ ಒತ್ತಿದೆ. ಎಲ್ಲೋ ಒಳಗೆ ‘ಟಿಕ್’ ಎಂದಿತು, ಅಷ್ಟೇ. ಮತ್ತೆ ಒತ್ತಿದೆ. ಆ ಟಿಕ್ ಕೂಡ ಇಲ್ಲ. ಭಾಷಣಕ್ಕೆ ನಿಂತು ಮೊದಲ ವಾಕ್ಯ ಮರೆತವನಂತೆ ಕಾರು ಸುಮ್ಮನಿತ್ತು. ಗಿರಿಜಾ ನಿಲ್ಲಿಸಿದಳು. ಹಸು ಯೋಚಿಸಿ, ಎದ್ದು, ಹೋಯಿತು.

“ಹಾರ್ನ್ ಹೋಗೈತೆ,” ಎಂದೆ.

“ಅದಕ್ಕೂ ಸಾಕಾಗಿರ್ಬೇಕು ಬಿಡ್ರಿ.”

ಮನೆಗೆ ಬಂದ ಮೇಲೆ ನಾನು ಗಂಭೀರವಾಗಿ ಘೋಷಿಸಿದೆ: ಹಾರ್ನ್ ಇಲ್ಲದ ಗಾಡಿಯಲ್ಲಿ ಒಬ್ಬಳೇ ಅಷ್ಟು ದೂರ ಹೋಗುವ ಮಾತೇ ಇಲ್ಲ. ಅವಳು ವಾದ ಮಾಡುತ್ತಾಳೆ ಎಂದುಕೊಂಡಿದ್ದೆ. “ಅದು ನಿಜ,” ಎಂದಳು. “ಸೋಮವಾರದೊಳಗೆ ಸರಿ ಮಾಡಿಸ್ರಿ. ಆಗ್ಲಿಲ್ಲಂದ್ರೆ ಮತ್ತೆ ಬಸ್ಸೇ ಗತಿ.”

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ರಾತ್ರಿ ನಾನು ಬಹಳ ದಿನಗಳ ನಂತರ ಹಾಯಾಗಿ ನಿದ್ದೆ ಮಾಡಿದೆ. ನನ್ನ ಬಾಯಿಂದ ‘ಹೋಗಬೇಡ’ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಆ ಮಾತನ್ನು ಹಾರ್ನ್ ತನ್ನ ಮೌನದಿಂದ ಹೇಳಿತ್ತು. ಕೆಟ್ಟ ಹಾರ್ನ್ ನನ್ನ ಪಕ್ಷ ಸೇರಿತ್ತು.

ಹಾಗೆಂದು ನಾನು ಏನೂ ಮಾಡಲಿಲ್ಲ ಎಂದಲ್ಲ. ಬಹಳ ಮಾಡಿದೆ. ಕೆಲಸ ಆಗಬಾರದು ಎಂದು ಒಳಗೊಳಗೇ ಬಯಸುವ ಮನುಷ್ಯ ಎಷ್ಟು ಶ್ರಮಪಟ್ಟು ಕೆಲಸ ಮಾಡಬಲ್ಲ ಎನ್ನುವುದು ಯಾವ ಕಚೇರಿಗೆ ಹೋದರೂ ತಿಳಿಯುತ್ತದೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ ಹಸನ್ಮುಖಿ, ಹಾರ್ನ್ ಕೂಗದಿದ್ದರೆ ಮೊದಲು ಫ್ಯೂಸ್ ನೋಡಿ, ಐದು ನಿಮಿಷದ ಕೆಲಸ ಎಂದು ಹೇಳಿದ. ಅವನ ಕಾರಿನಲ್ಲಿ ಫ್ಯೂಸಿನ ಪೆಟ್ಟಿಗೆ ಕೈಗೆ ಸಿಗುವಂತಿತ್ತು. ನಮ್ಮದರಲ್ಲಿ ಅದು ಡ್ರೈವರನ ಮೊಣಕಾಲಿನ ಮೇಲೆ, ಕತ್ತಲಲ್ಲಿ ಅಡಗಿದೆ. ಅದನ್ನು ನೋಡಬೇಕಾದರೆ ತಲೆಯನ್ನು ಬ್ರೇಕಿನ ಪಕ್ಕ ಇಟ್ಟು, ಸೊಂಟವನ್ನು ಸೀಟಿನ ಮೇಲೆ ಬಿಟ್ಟು, ಕಾಲುಗಳನ್ನು ಬಾಗಿಲಿನಿಂದ ಹೊರಗೆ ಚಾಚಬೇಕು. ಈ ಭಂಗಿಯಲ್ಲಿ ಅರ್ಧ ಗಂಟೆ ಇದ್ದೆ. ಪಕ್ಕದ ಮನೆಯ ಬಸಣ್ಣ ಬಂದು ನನ್ನ ಕಾಲುಗಳನ್ನು ಮಾತಾಡಿಸಿದರು.

“ಸರ, ಏನಾರ ಬಿದ್ದೈತೇನ್ರಿ ಒಳಗೆ?”

“ನಾನೇ ಬಿದ್ದೀನಿ,” ಎಂದೆ.

ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಫ್ಯೂಸುಗಳು ಹಾಲುಹಲ್ಲಿನಂತೆ ಸಾಲಾಗಿ ಕೂತಿದ್ದವು. ಯಾವುದು ಹಾರ್ನಿನದು ಎಂದು ಮುಚ್ಚಳದ ಮೇಲೆ ಬರೆದಿತ್ತು. ನನ್ನ ಕನ್ನಡಕ ಮನೆಯೊಳಗಿತ್ತು. ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿದೆ. ಏಳನೆಯದು ಸಿಕ್ಕಿತು: ನೀಲಿ ಪ್ಲಾಸ್ಟಿಕ್ಕಿನ ಒಳಗೆ ಕೂದಲಿನಂಥ ಲೋಹದ ಎಳೆ ನಡುವೆ ಕರಗಿ ತುಂಡಾಗಿತ್ತು. ಉಳಿದವನ್ನೆಲ್ಲ ವಾಪಸ್ ಕೂರಿಸಿ ಎದ್ದಾಗ ಅಂಗೈಯಲ್ಲಿ ಇನ್ನೊಂದು ಉಳಿದಿತ್ತು. ಅದು ಕಿಟಕಿ ಗಾಜಿನದೆಂದು ತಿಳಿದದ್ದು ಮರುದಿನ, ಪೆಟ್ರೋಲ್ ಹಾಕುವವನೊಡನೆ ಬಾಗಿಲು ತೆರೆದು ಮಾತಾಡಬೇಕಾಗಿ ಬಂದಾಗ.

ಐದು ಹೊಸ ಫ್ಯೂಸ್ ತಂದೆ. ಒಂದು ಹಾಕಿ ಹಾರ್ನ್ ಒತ್ತಿದೆ. ಟಿಕ್. ತೆಗೆದು ನೋಡಿದರೆ ಸುಟ್ಟಿದೆ. ಇನ್ನೊಂದು, ಟಿಕ್. ನಾಲ್ಕು ಹೀಗೆ ವೀರಮರಣವನ್ನಪ್ಪಿದವು. ಐದನೆಯದನ್ನು ಹಾಕಲು ಕೈ ಬರಲಿಲ್ಲ, ಜೇಬಿನಲ್ಲಿಟ್ಟುಕೊಂಡೆ. ಫ್ಯೂಸಿನ ಬಗ್ಗೆ ಆವತ್ತು ನನಗೆ ದೊಡ್ಡ ಗೌರವ ಹುಟ್ಟಿತು. ಇಡೀ ಕಾರಿನಲ್ಲಿ ಅಪಾಯವನ್ನು ಮೊದಲು ಊಹಿಸುವುದು ಅದು. ಬೇರೆ ಯಾರಿಗೂ ಏನೂ ಆಗದಿರಲಿ ಎಂದು ತಾನೇ ಸುಟ್ಟುಕೊಳ್ಳುತ್ತದೆ. ಪ್ರತಿ ಸಂಸಾರದಲ್ಲೂ ಇಂಥವನೊಬ್ಬ ಇರುತ್ತಾನೆ, ಅವನನ್ನು ಯಾರೂ ಹೊಗಳುವುದಿಲ್ಲ ಎಂದು ಊಟಕ್ಕೆ ಕೂತಾಗ ಗಿರಿಜಾಳಿಗೆ ವಿವರಿಸಿದೆ. ಅವನು ಯಾರು ಎಂದು ಬಿಡಿಸಿ ಹೇಳಲಿಲ್ಲ.

ಅವಳು ರೊಟ್ಟಿ ಮುರಿಯುತ್ತ ಹೇಳಿದಳು: “ಫ್ಯೂಸ್ ಕರೆಂಟ್ ಜಾಸ್ತಿಯಾದಾಗ ಹೋಗ್ತೈತ್ರಿ. ನೀವು ಸ್ವಿಚ್ ನೋಡಿದ್ರೇನೇ ಹೋಗ್ತೀರಿ.”

ಬುಧವಾರ ಬಂತು. “ಹಬ್ಬದ ಸಲುವಾಗಿ ವೈರಿಂಗ್ ಅಂಗಡಿಗಳೆಲ್ಲ ಮುಚ್ಚಿವೆ,” ಎಂದೆ. ಗುರುವಾರ, “ಪಾರ್ಟು ಹುಬ್ಬಳ್ಳಿಯಿಂದ ಬರಬೇಕಂತೆ,” ಎಂದೆ. ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾನು ಯಾರನ್ನೂ ವಿಚಾರಿಸಿರಲಿಲ್ಲ. ಹುಬ್ಬಳ್ಳಿ ಎನ್ನುವ ಹೆಸರು ನಾಲಗೆಗೆ ಹೇಗೆ ಬಂತೋ. ಬಹುಶಃ ಸುಳ್ಳಿಗೂ ಸ್ವಲ್ಪ ದೂರ ಬೇಕು. ಹರಿಹರದಿಂದ ಬರಬೇಕು ಎಂದರೆ ಯಾರೂ ನಂಬುವುದಿಲ್ಲ.

ಶುಕ್ರವಾರ ಸಂಜೆ ಕಾಲೇಜಿನಿಂದ ಬಂದಾಗ ಗಿರಿಜಾ ಚಹಾದ ಜೊತೆ ಮಂಡಕ್ಕಿ ತಂದಿಟ್ಟು ಎದುರಿಗೆ ಕೂತಳು. ಎದುರಿಗೆ ಕೂತಳೆಂದರೆ ತೀರ್ಪು ಬರುತ್ತದೆ.

“ನಾಳೆ ಹರಿಹರಕ್ಕೆ ಹೋಗಾಣ. ಅಲ್ಲಿ ದಾದಾಪೀರ್ ಅಂತ ಅದಾರೆ, ಗಾಡಿ ವೈರಿಂಗ್ ಮಾಡ್ತಾರೆ. ಅವರ ಮಗಳು ನನ್ನ ಹಳೇ ಶಾಲೆ ಹುಡುಗಿ. ಫೋನ್ ಮಾಡಿದ್ದೆ. ಹಬ್ಬದಾಗೂ ಅಂಗಡಿ ತೆರದೇ ಇತ್ತಂತೆ.” ಒಂದು ಮುಕ್ಕು ಮಂಡಕ್ಕಿ ತಿಂದಳು. “ಹುಬ್ಬಳ್ಳಿಯಿಂದ ಏನೂ ಬರೋದು ಬ್ಯಾಡಂತೆ.”

ನಾನು ಚಹಾ ಆರಿಸುವ ಕೆಲಸದಲ್ಲಿ ಮಗ್ನನಾದೆ.

ಶನಿವಾರ ಅವಳ ಶಾಲೆಗೆ ಇನ್ನೂ ರಜೆ. ನಾನು ಕಾಲೇಜಿಗೆ ರಜೆ ಹಾಕಿದೆ. “ಹಾರ್ನ್ ಇಲ್ಲ, ಹೆದ್ದಾರಿ ಬ್ಯಾಡ. ಒಳದಾರಿಯಾಗೆ ನಿಧಾನ ಹೋಗಾಣ,” ಎಂದು ಅವಳೇ ಸ್ಟೇರಿಂಗ್ ಹಿಡಿದಳು. ನಾನು ಎಡಗಡೆ ಕೂತೆ, ಅಸ್ತ್ರ ಕಳೆದುಕೊಂಡ ಸೈನಿಕನಂತೆ. ಕಿಟಕಿಯ ಗಾಜು ಈಗ ಇಳಿಯುತ್ತಿತ್ತು. ಹಾರ್ನಿನ ಬದಲು ನನ್ನ ಗಂಟಲನ್ನೇ ಬಳಸುವುದೆಂದು ಅದನ್ನು ಪೂರ್ತಿ ಇಳಿಸಿದೆ.

ಊರು ದಾಟಿ ಸ್ವಲ್ಪ ದೂರದಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿದ್ದರು. ಅದರ ಅಂಚಿಗೆ ಕಾವಲಿಗಿಟ್ಟಂತೆ ಕಲ್ಲುಗಳು. ಉಳಿದರ್ಧ ರಸ್ತೆಯಲ್ಲಿ ಒಬ್ಬ ಮುದುಕ ನಮಗೆ ಬೆನ್ನು ಹಾಕಿ ನಿಂತು ಪಾದದಿಂದ ಕಾಳು ತಿರುವುತ್ತಿದ್ದ. ನಾನು ತಲೆಯನ್ನೂ ಅರ್ಧ ಮೈಯನ್ನೂ ಹೊರಗೆ ಹಾಕಿ ಕೂಗಿದೆ: “ಯಜಮಾನ್ರೇ, ಗಾಡಿ ಬಂತು, ಸರೀರಿ, ಸರೀರಿ.”

ಆತ ತಿರುಗಿ ಕಾರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. “ಯಾಕ ಹಂಗ್ ಬಡ್ಕಂತೀಯಪ್ಪಾ? ಅಮ್ಮಾರು ಆಗ್ಲೇ ನಿಂದ್ರಿಸ್ಯಾರಲ್ಲ.”

ನಿಜವಾಗಿ ಗಿರಿಜಾ ಹತ್ತು ಮಾರು ಹಿಂದೆಯೇ ನಿಲ್ಲಿಸಿದ್ದಳು. ಕಾರು ನಿಂತದ್ದು ಕಾರಿನೊಳಗೇ ಇದ್ದ ನನಗೊಬ್ಬನಿಗೆ ಗೊತ್ತಾಗಿರಲಿಲ್ಲ. ಮುದುಕ ಒಂದು ಕಲ್ಲು ಸರಿಸಿ ದಾರಿ ಕೊಟ್ಟ. ಅವಳು ಕೈಯೆತ್ತಿದಳು, ಅವನೂ ಎತ್ತಿದ. ಹರಿಹರದ ತನಕ ಹೀಗೇ ನಡೆಯಿತು. ಕುರಿಗಳ ಹಿಂದೆ ನಿಧಾನ ಮಾಡುವಳು, ಕುರಿಯವನು ಹಿಂತಿರುಗಿ ನೋಡಿ ದಾರಿ ಮಾಡುವನು. ಟ್ರ್ಯಾಕ್ಟರಿನ ಹಿಂದೆ ಕಾಯುವಳು, ಅದು ಅಗಲ ಸಿಕ್ಕಲ್ಲಿ ಬದಿಗೆ ಸರಿಯುವುದು. ಹಾರ್ನ್ ಇಲ್ಲದ ಕಾರನ್ನು ಜನ ಹೆಚ್ಚು ಗಮನಿಸುತ್ತಾರೋ, ಗಮನಿಸುವ ತನಕ ಅವಳು ಕಾಯುತ್ತಾಳೋ, ಯಾವುದು ಎಂದು ನಾನು ನಿರ್ಧರಿಸುವಷ್ಟರಲ್ಲಿ ದಾದಾಪೀರರ ತಗಡಿನ ಶೆಡ್ಡು ಬಂತು.

ದಾದಾಪೀರ್ ಐವತ್ತರ ಆಸುಪಾಸಿನ ಮನುಷ್ಯ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಕಣ್ಣು ಕಿರಿದು ಮಾಡಿ ನೋಡುವವರು. ಕಾರನ್ನು ಮುಟ್ಟಲಿಲ್ಲ. ಹಳೆಯ ಕಾಲದ ಡಾಕ್ಟರರಂತೆ ಮೊದಲು ರೋಗಿಯ ಚರಿತ್ರೆ ಕೇಳಿದರು.

“ಮೇಡಮ್ಮಾರೆ, ಕೊನೇ ಸಲ ಕೂಗಿದ್ದು ಯಾವಾಗ್ರಿ?”

“ಪೂಜೆ ಹಿಂದಿನ ದಿನ ಚೆನ್ನಾಗೇ ಇತ್ತು. ಪೂಜೆ ಮಾರನೇ ದಿನ ಬನ್ನಿಗೆ ಹೋಗ್ವಾಗ ಕೂಗ್ಲಿಲ್ಲ,” ಎಂದಳು ಗಿರಿಜಾ.

“ಫ್ಯೂಸ್ ಎಷ್ಟು ಸುಟ್ರಿ?”

“ನಾಲ್ಕು,” ಎಂದೆ ನಾನು.

“ಅದಕ್ಕಿಂತ ದಪ್ಪನೇದು ಏನಾರ ಹಾಕಿದ್ರೇನ್ರಿ ಸರ?”

“ಇಲ್ಲ. ಹೆದರಿಕೆ ಆಯ್ತು.”

“ಹೆದರಿದ್ದು ಒಳ್ಳೇದಾತು. ದಪ್ಪನೇದು ಹಾಕಿದ್ರೆ ವೈರೇ ಸುಡ್ತಿತ್ತು.”

ನನ್ನ ಐವತ್ತಮೂರು ವರ್ಷದ ಬಾಳಿನಲ್ಲಿ ನನ್ನ ಹೆದರಿಕೆಯನ್ನು ಒಬ್ಬರು ಬಾಯಿಬಿಟ್ಟು ಮೆಚ್ಚಿದ್ದು ಅದೇ ಮೊದಲು. ಗಿರಿಜಾ ಕೇಳಿಸಿಕೊಂಡಳೇ ಎಂದು ತಿರುಗಿ ನೋಡಿದೆ. ಅವಳು ರಸ್ತೆಯಾಚೆ ಸೀತಾಫಲ ಮಾರುವವಳನ್ನು ನೋಡುತ್ತಿದ್ದಳು.

ದಾದಾಪೀರ್ ಬಾನೆಟ್ ಎತ್ತಿದರು. ಹಾರ್ನಿಗೆ ಬರುವ ವೈರನ್ನು ಬಿಡಿಸಿ, ಬ್ಯಾಟರಿಯಿಂದ ನೇರವಾಗಿ ಎರಡು ವೈರು ತಂದು ಅದಕ್ಕೆ ಮುಟ್ಟಿಸಿದರು. ಹಾರ್ನ್ ಎಂಟು ದಿನದ ಬಾಕಿಯನ್ನೆಲ್ಲ ಒಮ್ಮೆಗೇ ಕೂಗಿತು. ನಾನು ಬೆಚ್ಚಿಬಿದ್ದೆ. “ಜೀವ ಐತೆ,” ಎಂದರು. “ಇದಕ್ಕೇನೂ ಆಗಿಲ್ಲ. ಎಲ್ಲೋ ಕರೆಂಟು ದಾರಿ ತಪ್ಪಿ ಗಾಡಿ ತಗಡಿಗೆ ಹೋಗ್ತೈತೆ.” ಆಮೇಲೆ ಮುಂದೆ ಬಂದು, ನೆಲಕ್ಕೆ ಮೊಣಕಾಲೂರಿ, ಜಾಲರಿಯೊಳಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಹಣೆಯ ಮೇಲಿದ್ದ ಕನ್ನಡಕ ಕಣ್ಣಿಗೆ ಇಳಿಯಿತು.

“ಸರ, ಸ್ವಲ್ಪ ಈ ಕಡೆ ಬರ್ರಿ.”

ಹೋಗಿ ಬಗ್ಗಿದೆ. ಟಾರ್ಚಿನ ಬೆಳಕಿನಲ್ಲಿ ಒಂದು ಗೇಣು ತಂತಿ ಕಾಣಿಸಿತು. ಅದರ ಒಂದು ತುದಿ ಹಾರ್ನನ್ನು ಹಿಡಿದಿರುವ ಕಬ್ಬಿಣದ ಪಟ್ಟಿಗೆ ಮೂರು ಸುತ್ತು ಸುತ್ತಿಕೊಂಡಿತ್ತು. ಇನ್ನೊಂದು ತುದಿ, ಹಾರ್ನಿಗೆ ಕರೆಂಟು ಬರುವ ಕಡೆಗೇ ಕೊಕ್ಕೆಯಂತೆ ಚುಚ್ಚಿಕೊಂಡಿತ್ತು. ನಡುವೆ ಒಂದು ಒಣಗಿದ ಚೆಂಡುಹೂವಿನ ಎಸಳು.

“ಇದು ಕಂಪನಿದಲ್ಲ. ಯಾರು ಕಟ್ಟಿದ್ದು?”

ಗಿರಿಜಾ ಸೀತಾಫಲ ಬಿಟ್ಟು ನನ್ನ ಕಡೆ ತಿರುಗಿದಳು.

ಆಯುಧಪೂಜೆಯ ದಿನ ಎಲ್ಲರೂ ಗಾಡಿಗೆ ಹಾರ ಕಟ್ಟುತ್ತಾರೆ. ಎಲ್ಲರೂ ಕಟ್ಟುವುದು ದಾರದಲ್ಲಿ, ಇಲ್ಲವೇ ಬಾಳೆಯ ನಾರಿನಲ್ಲಿ. ನಾನು ದೂರದೃಷ್ಟಿಯುಳ್ಳವನು. ದಾರ ಸಡಿಲವಾಗಿ, ಹಾರ ಬಿಚ್ಚಿ, ಗಾಳಿಗೆ ಹಾರಿ, ಮುಂದಿನ ಗಾಜಿಗೆ ಮೆತ್ತಿಕೊಂಡು, ದಾರಿ ಕಾಣದೆ ಏನಾದರೂ ಆದರೆ? ಆದ್ದರಿಂದ ಮನೆ ಕಟ್ಟಿಸುವಾಗ ಕಂಬಿ ಕಟ್ಟಲು ತಂದು ಉಳಿದಿದ್ದ ತಂತಿಯಿಂದ ಹಾರವನ್ನು ನಾಲ್ಕು ಕಡೆ ಬಿಗಿದಿದ್ದೆ. ಜಾಲರಿಯೊಳಗೆ ಕೈ ತೂರಿಸಿ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗಟ್ಟಿಯಾಗಿ ಸಿಕ್ಕ ಒಂದಕ್ಕೆ ಸುತ್ತಿ, ಇಕ್ಕಳದಿಂದ ತಿರುಚಿದ್ದೆ. ಹೂ ಬಾಡಿದ ಮೇಲೆ ಹಾರ ಕಿತ್ತು ಎಸೆದೆ. ತಂತಿ ಒಳಗೇ ಉಳಿಯಿತು. ಕಾರು ಇರುವ ತನಕ ಬಿಚ್ಚಬಾರದು ಎನ್ನುವ ಉದ್ದೇಶದಿಂದಲೇ ಕಟ್ಟಿದ್ದಲ್ಲವೇ.

ಇದನ್ನೆಲ್ಲ ದಾದಾಪೀರ್ ಕೊನೆಯ ತನಕ ಕೇಳಿದರು. “ದೇವ್ರಿಗೆ ಹಾರ ಹಾಕ್ದೋರ್ನ ಬಾಳ ನೋಡೀನ್ರಿ ಸರ. ಹಾರ್ನಿಗೆ ಉರ್ಲು ಹಾಕ್ದೋರು ನೀವೇ ಮೊದಲು.” ತಂತಿ ಬಿಚ್ಚುತ್ತ ಕೇಳಿದರು: “ದಾರದಾಗೆ ಕಟ್ಟಿದ್ರೆ ಏನಾಗ್ತಿತ್ತು?”

“ಬಿಚ್ಚಿ ಬೀಳ್ತಿತ್ತು.”

“ಬಿದ್ರೆ?”

ಇಪ್ಪತ್ತಾರು ವರ್ಷ ಪುಸ್ತಕಗಳ ನಡುವೆ ಕಳೆದಿದ್ದೇನೆ. ಚಿಂತೆಯ ಬಗ್ಗೆ ತತ್ವಜ್ಞಾನಿಗಳು ಬರೆದದ್ದನ್ನು ಧೂಳು ಕೊಡವಿ ಇಟ್ಟಿದ್ದೇನೆ, ಕೆಲವನ್ನು ಓದಿಯೂ ಇದ್ದೇನೆ. ಯಾರೂ ಇಷ್ಟು ಚಿಕ್ಕ ಪ್ರಶ್ನೆ ಕೇಳಿರಲಿಲ್ಲ. ನನ್ನ ಯಾವ ಚಿಂತೆಯೂ ‘ಬಿದ್ದರೆ’ ಎನ್ನುವಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಹಾರ ಬಿದ್ದರೆ ಬಿದ್ದಿರುತ್ತಿತ್ತು. ಹಿಂದೆ ಬರುವ ಹಸು ತಿನ್ನುತ್ತಿತ್ತು.

ಜೇಬಿನಲ್ಲಿದ್ದ ಐದನೆಯ ಫ್ಯೂಸನ್ನು ಕೊಟ್ಟೆ. ಅವರು ಕೂರಿಸಿ, ಸ್ಟೇರಿಂಗಿನ ನಡುವಿನ ಹಾರ್ನ್ ಪ್ಯಾಡನ್ನು ಬಟ್ಟೆಯಿಂದ ಒರೆಸಿದರು. ಒರೆಸುತ್ತ ಕೈ ನಿಂತಿತು.

“ಮೇಡಮ್ಮಾರೆ, ನೀವು ಬಾಳ ಹಾರ್ನ್ ಹೊಡಿತೀರೇನ್ರಿ?”

“ನಾನಾ? ನನಗೆ ಒಂದ್ಸಲನೂ ಅವಕಾಶ ಸಿಕ್ಕಿಲ್ರಿ.”

“ಅದಕ್ಕೇ ಅಂದೆ. ನಡುವೆ ಸವದಿರೋದು ಹಳೇ ಗುರುತು. ಇಲ್ಲಿ ಎಡಕ್ಕೆ ಉಗುರು ಕೆರದಿರೋದು ಹೊಸಾದು. ಓಡಿಸೋರ ಕೈ ಇಲ್ಲಿ ಬರಲ್ಲ.” ಕನ್ನಡಕವನ್ನು ಹಣೆಗೆ ಏರಿಸಿ ನನ್ನನ್ನು ಸಾವಧಾನವಾಗಿ ನೋಡಿದರು. “ಗಾಡಿ ಓಡಿಸೋರು ಒಬ್ರು, ಹಾರ್ನ್ ಹೊಡೆಯೋರು ಇನ್ನೊಬ್ರು. ಹೆಂಗ್ರಿ ಸರ ಇದು?”

ಗಿರಿಜಾ ನಕ್ಕಳು. ಶೆಡ್ಡಿನ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಬಸ್ಸಿನ ಕಾಟ ಶುರುವಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಅವಮಾನವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ.

“ಈಗ ಒತ್ತಿ ನೋಡ್ರಿ,” ಎಂದರು ದಾದಾಪೀರ್. ಕಿಟಕಿಯಿಂದ ನನ್ನ ಕೈ ಒಳಗೆ ಹೋಗಿಯೇಬಿಟ್ಟಿತ್ತು. “ನೀವಲ್ರಿ ಸರ. ಮೇಡಮ್ಮಾರು ಒತ್ಲಿ.”

ಅವಳು ಸೀಟಿನಲ್ಲಿ ಕೂತು ಅನುಮತಿ ಕೇಳುವವಳಂತೆ ಚಿಕ್ಕದಾಗಿ ಒತ್ತಿದಳು. ‘ಪಿಂ’ ಎಂದಿತು. ಫ್ಯೂಸ್ ಉಳಿಯಿತು.

ವಾಪಸ್ಸು ಬರುವಾಗ ಹೆದ್ದಾರಿಯಲ್ಲೇ ಬಂದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

“ಯಾಕ್ರೀ, ಕೈ ಹಂಗೆ ಇಟ್ಟೀರಿ?”

“ಚಳಿ.” ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು. ಸ್ವಲ್ಪ ದೂರ ಹೋದ ಮೇಲೆ ನಾನೇ ಶುರುಮಾಡಿದೆ: “ಆ ಹುಬ್ಬಳ್ಳಿ ಪಾರ್ಟಿನ ವಿಷಯ...”

“ಗೊತ್ತೈತೆ ಬಿಡ್ರಿ.” ಲಾರಿಯೊಂದನ್ನು ದಾಟಿ, ಕನ್ನಡಿ ನೋಡಿ, ಮತ್ತೆ ಎಡಕ್ಕೆ ಬಂದ ಮೇಲೆ ಮಾತು ಮುಂದುವರಿಸಿದಳು. “ನಿಮಗೆ ನನ್ನ ಸಲುವಾಗಿ ಹೆದರಿಕೆ ಅನ್ನೋದು ನನಗೆ ಗೊತ್ತಿಲ್ವಾ? ಆದ್ರೆ ನಿಮ್ಮ ಹೆದರಿಕೆ ಹೋಗ್ಲಿ ಅಂತ ಕಾಯ್ತಾ ಕುಂತ್ರೆ ನಾನು ರಿಟೈರ್ ಆಗೋತನಕ ಪ್ರಾರ್ಥನೆಗೆ ಲೇಟೇ.”

ತೊಡೆಯ ಕೆಳಗಿನ ಕೈಗಳನ್ನು ಇನ್ನಷ್ಟು ಒಳಕ್ಕೆ ತಳ್ಳಿಕೊಂಡೆ.

ಸೋಮವಾರ ಬೆಳಿಗ್ಗೆ ಅವಳು ಎಂಟೂವರೆಗೆ ಹೊರಟಳು. ಕಾರನ್ನು ಹಿಂದಕ್ಕೆ ತೆಗೆದಳು. ಬೆಕ್ಕು ಕಣ್ಣೇ ತೆರೆಯಲಿಲ್ಲ. ಮೂಲೆಯಲ್ಲಿ ಒಂದು ಕ್ಷಣ ನಿಂತು, ಎರಡೂ ಕಡೆ ನೋಡಿ, ತಿರುಗಿ ಮರೆಯಾದಳು. ನಾನು ಕಾಲೇಜಿಗೆ ಹೋಗಿ, ಕಪಾಟುಗಳ ನಡುವೆ ನಿಂತು, ಅವಳು ಈಗ ಎಲ್ಲಿರಬಹುದು ಎಂದು ಮನಸ್ಸಿನಲ್ಲೇ ಕಾರು ಓಡಿಸಿದೆ. ನನ್ನ ಮನಸ್ಸಿನ ರಸ್ತೆಯಲ್ಲಿ ಸಿಕ್ಕಷ್ಟು ಲಾರಿ, ಎಮ್ಮೆ, ಕುಡುಕರು ಇಡೀ ಜಿಲ್ಲೆಯಲ್ಲಿ ಇರಲಾರರು. ಒಬ್ಬ ವಿದ್ಯಾರ್ಥಿ ಭೂಗೋಳದ ಪುಸ್ತಕ ಕೇಳಿದ. ಅಡುಗೆ ಪುಸ್ತಕ ಕೊಟ್ಟೆನಂತೆ. ಒಂಬತ್ತೂ ಮುಕ್ಕಾಲಿಗೆ ಮೊಬೈಲಿಗೆ ಸಂದೇಶ ಬಂತು: ‘ತಲುಪಿದೆ.’ ಸಮಾಧಾನವಾಯಿತು. ಎರಡು ನಿಮಿಷದ ನಂತರ, ಒಂದೇ ಪದ ಯಾಕೆ ಬರೆದಳು, ಕೈಗೇನಾದರೂ ಆಗಿದೆಯೋ ಎನಿಸಿತು.

ಸಂಜೆ ಐದೂವರೆಗೆ ಕಾರು ಬಂದು ನಿಂತಿತು. ನಾನು ಗೇಟು ತೆರೆಯಲು ಹೋಗುವ ನೆಪದಲ್ಲಿ ಬಂಪರಿನ ನಾಲ್ಕು ಮೂಲೆ ನೋಡಿದೆ. ಗೀರಿಲ್ಲ. ಅವಳು ಚಪ್ಪಲಿ ಬಿಟ್ಟು, ಮುಖ ತೊಳೆದು, ಕೂರುವ ತನಕ ತಡೆದುಕೊಂಡೆ. ಅದಕ್ಕಿಂತ ಹೆಚ್ಚು ಆಗಲಿಲ್ಲ.

“ಹಾರ್ನ್ ಸರಿಯಾಗಿತ್ತಾ?”

“ಸರಿಯಾಗಿತ್ತು.”

“ಎಷ್ಟು ಸಲ ಒತ್ತಿದೆ?”

“ಒಂದ್ಸಲ.”

ಹೋಗಿ ಬಂದು ಐವತ್ತು ಕಿಲೋಮೀಟರಿಗೆ ಒಂದು ಸಲ. “ಎಲ್ಲಿ? ಯಾರು ಅಡ್ಡ ಬಂದ್ರು?”

“ಯಾರೂ ಬರ್ಲಿಲ್ಲ. ಶಾಲೆ ಗೇಟಿನ ಹತ್ರ.”

“ಗೇಟು ಮುಚ್ಚಿತ್ತಾ?”

“ತೆರದೇ ಇತ್ತು ರೀ. ಹುಡುಗ್ರು ಆಗತಾನೆ ಬರ್ತಿದ್ರು, ದೂರದಾಗೆ ಇದ್ರು. ಪ್ರಾರ್ಥನೆಗೆ ಇನ್ನಾ ಹತ್ತು ನಿಮಿಷ ಇತ್ತು.”

“ಮತ್ತೆ ಒತ್ತಿದ್ದು ಯಾಕೆ?”

ಗಿರಿಜಾ ಸ್ವಲ್ಪ ನಾಚಿಕೊಂಡಳು. “ಖುಷಿಗೆ.”

ಹನ್ನೊಂದು ವರ್ಷ ಆ ಹಾರ್ನನ್ನು ಒತ್ತಿದವನು ನಾನು. ಖುಷಿಗೂ ಅದೇ ಸ್ವಿಚ್ಚು ಎಂದು ಯಾವ ಮೆಕ್ಯಾನಿಕ್ಕೂ ನನಗೆ ಹೇಳಿರಲಿಲ್ಲ.